ಇನ್ನೊಂಚೂರು ಹಿಂದಕ್ಕೆ, ಭಾವ!

ಲಾಂಗ್ ವೀಕೆಂಡಿಗೆ ಆಂಧ್ರದ ಕಡಪ ಜಿಲ್ಲೆಯ ಗಂಡಿಕೋಟಕ್ಕೆ ನುಗ್ಗುವ ಬೆಂಗಳೂರಿನ ಪ್ರತಿ ಗುಂಪಿನಲ್ಲೂ ಒಬ್ಬ ಫೋಟೋಗ್ರಾಫರ್ ಇರುತ್ತಾನೆ. ಅವನಿಗೆ ಬರುವುದು ಒಂದೇ ಮಂತ್ರ: ‘ಇನ್ನೊಂಚೂರು ಹಿಂದಕ್ಕೆ, ಭಾವ.’ ಭಾವನ ಬೆನ್ನ ಹಿಂದೆ ಪೆನ್ನಾರ್ ನದಿ ಕೊರೆದ ಕಮರಿ. ಬಂಡೆಯಂಚಿಗೆ ಬಹುಪಾಲು ಕಡೆ ಕಂಬಿಯಿಲ್ಲ. ಭಾವ ಹಿಂದೆ ಸರಿಯುತ್ತಾರೆ. ‘ಹೊಟ್ಟೆ ಒಳಗೆ!’ ಎಳೆದುಕೊಳ್ಳುತ್ತಾರೆ. ‘ನದಿ ಕಾಣ್ತಿಲ್ಲ, ಇನ್ನೊಂಚೂರು.’ ಮದುವೆಯಲ್ಲಿ ಕಾಶಿಯಾತ್ರೆಗೆ ಹೊರಟವರನ್ನು ಕಾಡಿ ಬೇಡಿ ವಾಪಸ್ ಕರೆತಂದ ಭಾಮೈದನೇ ಈಗ ಸೀದಾ ವೈಕುಂಠಕ್ಕೆ ಟಿಕೆಟ್ ಹರಿಯುತ್ತಿದ್ದಾನೆ.

ಮಾರಾಯ, ಭಾವ ಅಂಚಿನಿಂದ ಎರಡು ಮೀಟರ್ ಒಳಗೇ ನಿಲ್ಲಲಿ, ಕುಕ್ಕರಗಾಲಲ್ಲಿ ಕೂರಬೇಕಾದವನು ನೀನು. ಫೋನನ್ನು ಮೊಣಕಾಲಿನ ಮಟ್ಟಕ್ಕಿಳಿಸಿದರೆ ನಡುವಿನ ಬಂಡೆ ಫೋಟೋದಲ್ಲಿ ಅಷ್ಟಾಗಿ ಕಾಣುವುದಿಲ್ಲ, ಭಾವ ತುದಿಯಲ್ಲೇ ನಿಂತಂತೆ ಬರುತ್ತಾರೆ. ನದಿಗೆ ಬೇರೆಯದೇ ಫೋಟೋ ತೆಗಿ.

ಆ ನದಿಯೂ ಪರಕೀಯಳೇನಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ನಮ್ಮ ಉತ್ತರ ಪಿನಾಕಿನಿಯೇ. ತವರಲ್ಲಿ ಬತ್ತಿದವಳನ್ನು ನೋಡಲು ಪರರಾಜ್ಯಕ್ಕೆ ಹೋಗಬೇಕಾಯಿತಲ್ಲ ಎಂದು ಒಂದು ಗಳಿಗೆ ಹೊಟ್ಟೆ ಚುರ್ ಎನ್ನುತ್ತದೆ.

ಬೆಂಗಳೂರಿನಿಂದ ಸುಮಾರು 280 ಕಿಲೋಮೀಟರ್. ಬೆಳಗಿನ ಜಾವ ನಾಲ್ಕಕ್ಕೆ ಎಂದರೆ ವಾಟ್ಸಾಪಿನಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತುತ್ತಾರೆ. ಹೆಬ್ಬಾಳ ದಾಟುವಾಗ ಏಳು. ಇಡ್ಲಿ, ವಡೆ, ಎರಡನೇ ಕಾಫಿ ಮುಗಿಸಿ ತಲುಪುವುದು ಕಲ್ಲು ಕಾದು ಹಂಚಾದ ಹೊತ್ತಿಗೆ. ತಲೆಗೆ ಟೋಪಿಯಿಲ್ಲ, ಕಾಲಿಗೆ ಹವಾಯಿ ಚಪ್ಪಲಿ, ಐವರಿಗೆ ಒಂದು ಲೀಟರ್ ಬಾಟಲಿ.

ಒಣಹವೆಯಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ. ‘ನಂಗೆ ಬೆವರೇ ಇಲ್ಲಪ್ಪ’ ಎಂದು ಬೀಗುವವರ ಮೈಯಿಂದಲೂ ನೀರು ಹೋಗುತ್ತಲೇ ಇರುತ್ತದೆ. ಬಿಸಿಲಲ್ಲಿ ಇಡೀ ದಿನ ಓಡಾಡುವುದಾದರೆ ತಲಾ 4 ಲೀಟರ್ ನೀರಿರಲಿ. ಬರೀ ನೀರನ್ನೇ ಸುರಿದುಕೊಂಡರೂ ಕಷ್ಟ, ರಕ್ತದ ಉಪ್ಪಿನಂಶ ಇಳಿದು ತಲೆನೋವು, ವಾಂತಿ ಶುರುವಾಗಬಹುದು. ಜೊತೆಗೆ ಕೋಡುಬಳೆ, ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಓಆರ್‌ಎಸ್. ದೊಡ್ಡ ಪ್ಯಾಕೆಟ್ ಒಂದಕ್ಕೆ ಒಂದು ಲೀಟರ್ ನೀರು. ಅರ್ಧ ಲೀಟರಿಗೆ ಪೂರ್ತಿ ಸುರಿದು ‘ಸ್ಟ್ರಾಂಗ್ ಇರ್ಲಿ’ ಎನ್ನಲು ಅದು ಫಿಲ್ಟರ್ ಕಾಫಿಯಲ್ಲ.

ನದಿಗೆ ಇಳಿಯುವುದು ಸಲೀಸು. ಹತ್ತಲು ಅದರ ಎರಡರಷ್ಟು ಹೊತ್ತು ಬೇಕೆಂದಿಟ್ಟುಕೊಳ್ಳಿ; ನೀರು ಮೂರನೇ ಒಂದು ಪಾಲು ಖಾಲಿಯಾದಲ್ಲೇ ತಿರುಗಿ. ಬಿಸಿಲಲ್ಲಿ ಯಾರಾದರೂ ತೊದಲುತ್ತ ಏನೇನೋ ಮಾತಾಡತೊಡಗಿದರೆ ವಿಡಿಯೋ ಮಾಡಬೇಡಿ. ನೆರಳಿಗೆ ಒಯ್ದು, ಮೈಗೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಈರುಳ್ಳಿ ಮೂಸಿಸಿ ಎಂದು ಕೂಗುವ ದೊಡ್ಡಮ್ಮನ ಕೈಗೆ ಕೊಡೆ ಕೊಟ್ಟು, ಬಿಚ್ಚಿ ಹಿಡಿದುಕೊಳ್ಳಿ ಎನ್ನಿ.