ಮಳೆಗಾಲಕ್ಕೆ ಒಬ್ಬ ಗಂಡು

ತೀರ್ಥಹಳ್ಳಿ ಸೀಮೆಯ ಹೆಂಗಸರು ಕುವೆಂಪು ಕಾದಂಬರಿಗಳನ್ನು ಓದುವ ಕ್ರಮವೇ ಬೇರೆ. ಕಥೆ, ವರ್ಣನೆ, ದರ್ಶನ ಎಲ್ಲ ಆಮೇಲೆ. ಮೊದಲು ನೋಡುವುದು, ಇದರಲ್ಲಿ ಯಾರಿಗೆ ಹೆಣ್ಣು ಕೊಡಬಹುದು ಅಂತ. ಬಾಯಿಬಿಟ್ಟು ಹೇಳುವವರು ಕಡಿಮೆ, ಅಷ್ಟೇ. ಅವುಗಳಲ್ಲಿ ಬರುವ ಕೋಣೂರು, ಹೂವಳ್ಳಿ, ಮುತ್ತಳ್ಳಿ ಅಂದರೆ ನಮಗೆ ಬೀಗರ ಊರುಗಳ ಹೆಸರು ಹೇಳಿದ ಹಾಗೆಯೇ ಕೇಳಿಸುತ್ತದೆ. ಮೇಗರವಳ್ಳಿಯಲ್ಲಿ ಬಸ್ಸು ನಿಂತರೆ, ಇಲ್ಲೇ ಎಲ್ಲೋ ಮುಕುಂದಯ್ಯನ ಮನೆ ಇರಬೇಕು ಅಂತ ಕಿಟಕಿಯಿಂದ ಕತ್ತು ಹೊರಗೆ ಹಾಕುವವಳು ನಾನೊಬ್ಬಳೇ ಅಲ್ಲ.

ಈ ವಿಷಯದಲ್ಲಿ ನನ್ನ ಅತ್ತಿಗೆಯದು ಕೊನೆಯ ಮಾತು. ಅವರ ಬಳಿ ಒಂದು ಅಳತೆಗೋಲಿದೆ. ಜಾತಕ ಬೇಡ, ತೋಟ ಎಷ್ಟು ಎಕರೆ ಅಂತ ಬೇಡ. ಮಳೆಗಾಲದಲ್ಲಿ ಈ ಮನುಷ್ಯನ ಜೊತೆ ಮನೆಯೊಳಗೆ ಇರಲಿಕ್ಕೆ ಆಗುತ್ತದಾ, ಇಲ್ಲವಾ? ಅಷ್ಟೇ. ಸುಮ್ನೆ ತಮಾಷೆ ಅಂದುಕೊಳ್ಳಬೇಡಿ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಹಳೆಯ ಕಾಲದ ಒಂಟಿ ಮನೆ. ಹಳ್ಳ ಉಕ್ಕಿದರೆ ಆಚೆಯವರು ಆಚೆ, ಈಚೆಯವರು ಈಚೆ. ಸೌದೆ ಹಸಿ, ಒಲೆ ಹೊಗೆ, ಒಣಗದ ಬಟ್ಟೆಗೆ ಮುಗ್ಗಲು ವಾಸನೆ. ಅಂಗಳಕ್ಕಿಳಿದರೆ ಕಾಲಿಗೆ ಇಂಬಳ, ಅಂದರೆ ಜಿಗಣೆ. ತವರಿಗೆ ಹೋಗುತ್ತೇನೆ ಅಂತ ಮುನಿಸಿಕೊಂಡು ಎದ್ದರೂ ದಾರಿ ಬೇಕಲ್ಲ! ಬೇಸಿಗೆಯಲ್ಲಿ ಯಾವ ಗಂಡಾದರೂ ಚೆಂದವೇ.

ಹೂವಯ್ಯನಿಂದ ಶುರು ಮಾಡೋಣ. 'ಕಾನೂರು ಹೆಗ್ಗಡಿತಿ' ಓದಿದ ಹದಿನೆಂಟರ ಹುಡುಗಿ ಹೂವಯ್ಯನನ್ನು ಬಿಟ್ಟು ಬೇರೆಯವರನ್ನು ಆರಿಸಿದ್ದು ನಾನು ಕಂಡಿಲ್ಲ. ಮೈಸೂರಿನಲ್ಲಿ ಓದಿದವನು. ಕುಡಿಯುವುದಿಲ್ಲ, ಆಳುಗಳ ಮೇಲೆ ಕೈ ಮಾಡುವುದಿಲ್ಲ, ಪುಸ್ತಕ ಓದುತ್ತಾನೆ, ಸೂರ್ಯೋದಯ ನೋಡಿ ಮೈಮರೆಯುತ್ತಾನೆ. ಆ ಕಾಲದ ಗೌಡರ ಮನೆಗಳಲ್ಲಿ ಇಂಥವನೊಬ್ಬ ಸಿಗುವುದೆಂದರೆ ಸಣ್ಣ ಮಾತಾ? ಆದರೆ ಅತ್ತಿಗೆಯ ಮಳೆಗಾಲದಲ್ಲಿ ಅವನನ್ನು ಕೂರಿಸಿ ನೋಡಿ. ಉಪ್ಪರಿಗೆಯ ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕೂತಿದ್ದಾನೆ. ಹೊರಗೆ ಮಳೆ, ಮಂಜು, ಕಾಡು. ಅವನ ಕಣ್ಣಲ್ಲಿ ನೀರು. ಕೆಳಗೆ ಅಡುಗೆಮನೆಯಲ್ಲಿ ಒಲೆ ಊದಿ ಊದಿ ನಿಮ್ಮ ಕಣ್ಣಲ್ಲೂ ನೀರು. "ಸ್ವಲ್ಪ ಒಣಗಿದ ಸೌದೆ ತಂದುಕೊಡ್ತೀರಾ?" ಅಂದರೆ ತರುತ್ತಾನೆ, ಖಂಡಿತ ತರುತ್ತಾನೆ. ಒಳ್ಳೆಯವನು. ಆದರೆ ಪ್ರತಿ ಸಲವೂ ಕೇಳಬೇಕು. ಕೇಳಿದ ಮೇಲೆ, ಎಂಥ ಸೌಂದರ್ಯವನ್ನು ಕೆಡಿಸಿದೆನೋ ಅಂತ ನಿಮಗೇ ಪಾಪಪ್ರಜ್ಞೆ.

ಸೀತೆಯ ವಿಷಯಕ್ಕೂ ನನಗೆ ಅವನ ಮೇಲೆ ಸಿಟ್ಟಿದೆ. ಅವಳಿಗೆ ಅವನೇ ಬೇಕು, ಅವನಿಗೂ ಅವಳೇ ಬೇಕು. ಇಷ್ಟಾದರೂ ಸೀತೆಯ ಮದುವೆ ಅವನ ಚಿಕ್ಕಪ್ಪನ ಮಗ ರಾಮಯ್ಯನ ಜೊತೆ ಆಗಿಹೋಗುತ್ತದೆ. ಹೂವಯ್ಯನಿಗೆ ತತ್ವ ಇದೆ, ಸಂಯಮ ಇದೆ, ತ್ಯಾಗ ಇದೆ. ಎದ್ದು ಹೋಗಿ "ಈ ಹುಡುಗಿ ನನಗೆ ಬೇಕು" ಅಂತ ಜಗುಲಿಯಲ್ಲಿ ನಿಂತು ಹೇಳುವುದೊಂದು ಬಿಟ್ಟು ಎಲ್ಲ ಇದೆ. ಅತ್ತಿಗೆ ಇದನ್ನು ಒಂದೇ ಮಾತಲ್ಲಿ ಮುಗಿಸುತ್ತಾರೆ: "ದೇವರ ಮನೇಲಿ ಇಡೋ ಗಂಡು ಮಾರಾಯ್ತಿ."

ರಾಮಯ್ಯನ ಅಪ್ಪ, ಕಾನೂರಿನ ಯಜಮಾನ ಚಂದ್ರಯ್ಯಗೌಡರ ಬಗ್ಗೆ ಮಾತು ಬೇಡ. ರಾಮಯ್ಯ ಕೆಟ್ಟವನಲ್ಲ, ಆದರೆ ಅಪ್ಪ ಕೆಮ್ಮಿದರೆ ಎದ್ದು ನಿಲ್ಲುವ ಹುಡುಗ. ಅವನನ್ನು ಮದುವೆಯಾದರೆ ಅಪ್ಪನನ್ನೂ ಆದ ಹಾಗೆ. ಸೀತೆಗೆ ಮೊದಲು ನೋಡಿದ್ದ ಕೃಷ್ಣಪ್ಪನನ್ನು ಹುಲಿಯೇ ತೀರಿಸಿಬಿಡುತ್ತದೆ, ಪಾಪ.

'ಮಲೆಗಳಲ್ಲಿ ಮದುಮಗಳು' ಕಾದಂಬರಿಗೆ ಬಂದರೆ ಸಂತೆ ದೊಡ್ಡದು. ಬೆಟ್ಟಳ್ಳಿ ದೇವಯ್ಯ ಅಂದರೆ ನಮ್ಮ ಮನೆಯ ಹುಡುಗಿಯರಿಗೆ ಇಷ್ಟ. ಕಾರಣ ಅವನ ಬೈಸಿಕಲ್ಲು. ಊರವರ ಬಾಯಲ್ಲಿ ಅದು 'ಬೀಸೆಕಲ್ಲು'. ಹೊಸದು ಕಂಡರೆ ಅವನಿಗೆ ಆಸೆ, ಅದು ಪಾದ್ರಿಯ ಮತವಾದರೂ ಸರಿ, ಎರಡು ಚಕ್ರದ ಗಾಡಿಯಾದರೂ ಸರಿ. ಇಂಥವರು ಈಗಲೂ ಶಿವಮೊಗ್ಗದಲ್ಲಿ ಸಿಗುತ್ತಾರೆ. ವರ್ಷಕ್ಕೊಂದು ಫೋನ್ ಬದಲಿಸುತ್ತಾರೆ, ಕಂತು ಕಟ್ಟುವವಳು ಹೆಂಡತಿ. ಅದೂ ಅಲ್ಲದೆ ದೇವಯ್ಯನಿಗೆ ಮದುವೆಯಾಗಿ ಮಗುವೂ ಇದೆ. ಮುಂದೆ.

ಕೋಣೂರು ಮುಕುಂದಯ್ಯ ಗಟ್ಟಿ ಆಳು. ಅವನು ಮೆಚ್ಚಿದ್ದ ಚಿನ್ನಮ್ಮನನ್ನು, ಆಗಲೇ ಮದುವೆಯಾಗಿದ್ದ ಸಿಂಬಾವಿ ಭರಮೈ ಹೆಗ್ಗಡೆಗೆ ಕೊಡಲು ಹೊರಟಾಗ ಅವನು ಹೂವಯ್ಯನ ಹಾಗೆ ಒಳಗೊಳಗೇ ಸುಡಲಿಲ್ಲ. ಉಪಾಯ ಹುಡುಕಿದ, ಜನ ಹೊಂದಿಸಿದ. ಆದರೂ ಅರ್ಧಕ್ಕಿಂತ ಜಾಸ್ತಿ ಅಂಕ ನಾನು ಚಿನ್ನಮ್ಮನಿಗೇ ಕೊಡುವವಳು. ಧಾರೆಗೆ ಮೊದಲು, ರಾತ್ರೋರಾತ್ರಿ, ಮನೆ ಬಿಟ್ಟು ಆ ಕಾಡಿಗೆ ನಡೆದವಳು ಅವಳು. ನಾವು ಕರೆಂಟು ಹೋದರೆ ಬಚ್ಚಲಿಗೆ ಹೋಗಲು ಜೊತೆ ಕರೆಯುವವರು. ಇರಲಿ. ಮುಕುಂದಯ್ಯ ಮಳೆಗಾಲಕ್ಕೆ ಪಾಸು. ಆದರೆ ಈಗಿನ ಕಾಲದಲ್ಲಿ ಅವನಿಗೆ ಹೆಣ್ಣು ಸಿಗುತ್ತಿತ್ತಾ ಅನ್ನುವುದೇ ಅನುಮಾನ. ಅಡಿಕೆ ತೋಟ ಇದ್ದು, ಮನೆಯಲ್ಲೇ ಇರುವ ಒಳ್ಳೆಯ ಹುಡುಗರು ನಮ್ಮ ಹಳ್ಳಿಗಳಲ್ಲಿ ಮೂವತ್ತೈದು ದಾಟಿ ಕೂತಿದ್ದಾರೆ. "ಬೆಂಗಳೂರಲ್ಲಿ ಕೆಲಸ ಇದೆಯಾ? ಮನೆಯಲ್ಲಿ ನೆಟ್‌ವರ್ಕ್ ಬರುತ್ತಾ?" ಇವೆರಡು ಪ್ರಶ್ನೆಗೆ ಕೋಣೂರಿನವರು ಏನು ಹೇಳಿಯಾರು?

ನನ್ನ ಮನಸ್ಸು ಕದ್ದವನು ನಾಯಿಗುತ್ತಿ. ತನ್ನ ನಾಯಿ ಹುಲಿಯನ ಜೊತೆ ಅವನು ಮಾತಾಡುವುದನ್ನು ಓದಿದರೆ ಸಾಕು, ಹೆಂಡತಿಯ ಜೊತೆ ಹೇಗಿರುತ್ತಾನೆ ಅಂತ ಗೊತ್ತಾಗುತ್ತದೆ. ಬೈಯುತ್ತಾನೆ, ಮುದ್ದು ಮಾಡುತ್ತಾನೆ, ತನ್ನ ಪಾಲಿನದು ಕೊಡುತ್ತಾನೆ. ತಿಮ್ಮಿ ಬೇಕು ಅನ್ನಿಸಿತು, ನಡೆದೇ ಹೋದ, ಕರೆದುಕೊಂಡೇ ಬಂದ. ಮೊದಲ ಮಳೆಗೆ ಇಂಥವನು ಮನೆಯಲ್ಲಿ ಕೂರುವುದಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು, ಹೊಸ ನೀರಿಗೆ ಹತ್ತಿ ಬರುವ ಹತ್ತುಮೀನು ಹಿಡಿಯಲು ಗದ್ದೆಗಿಳಿಯುತ್ತಾನೆ, ಏಡಿ ತರುತ್ತಾನೆ, ಕಾಡಿಂದ ಅಣಬೆ ತರುತ್ತಾನೆ. ತುಂಗೆಯ ನೆರೆಯಲ್ಲಿ ಹುಲಿಯ ಹೋದಾಗ ಅತ್ತವರು ನಾವೆಲ್ಲ. ಹಾಗಂತ, ಗುತ್ತಿ ನನಗೆ ಇಷ್ಟ ಅಂತ ಈಗ ಹೇಳುವುದು ಸುಲಭ. ಅವನು ಹೊಲಗೇರಿಯವನು. ನನ್ನ ಅಜ್ಜಿಯ ಮನೆಯ ಜಗುಲಿಯನ್ನು ಅವನು ಹತ್ತುವ ಹಾಗಿರಲಿಲ್ಲ. ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಹೆಣ್ಣು ಕೊಡುವ ಮಾತು ಬಂದರೆ ಇವತ್ತೂ ನಮ್ಮಲ್ಲಿ ಎಷ್ಟು ಮನೆಗಳ ಬಾಗಿಲು ತೆರೆದೀತೋ.

ಅತ್ತಿಗೆಯ ಆಯ್ಕೆ ಬೇರೆ. ಅವರು ಐತನಿಗೆ ಸೀಲು ಒತ್ತಿದ್ದಾರೆ. ಐತ ಗಟ್ಟದ ತಗ್ಗಿನಿಂದ ಬಂದ ಕೂಲಿ ಹುಡುಗ. ಅವನಿಗಿರುವುದು ಒಂದು ಬಿಡಾರ, ಒಬ್ಬಳು ಪೀಂಚಲು. ಅವಳನ್ನು ಬಿಟ್ಟಿರಲು ಅವನಿಗೆ ಆಗುವುದಿಲ್ಲ, ಅವಳು ಹೇಳಿದ್ದಕ್ಕೆ ಎದುರಾಡುವುದೂ ಇಲ್ಲ. ಆ ದೊಡ್ಡ ಪುಸ್ತಕದಲ್ಲಿ ಎಷ್ಟು ದಂಪತಿಗಳಿದ್ದಾರೆ, ನೋಡಿ. ಕುಡಿತ, ಹೊಡೆತ, ಅನುಮಾನ, ಸವತಿ. ಸಂತೋಷವಾಗಿರುವ ಗಂಡಹೆಂಡಿರು ಬೇಕೆಂದರೆ ಸೋರುವ ಆ ಬಿಡಾರಕ್ಕೇ ಹೋಗಬೇಕು. "ಒಲೆ ಮುಂದೆ ಇಬ್ಬರೂ ಕೂರ್ತಾರೆ, ಅದು ಮುಖ್ಯ" ಅನ್ನುತ್ತಾರೆ ಅತ್ತಿಗೆ. ಬೆಂಗಳೂರಲ್ಲಿರುವ ಅವರ ಮಗಳು ಒಮ್ಮೆ ಗೊಣಗಿದಳು: "ಐತನ ತರದವರು ಸಿಗಲ್ಲ ಅಮ್ಮ. ಅವರು ಮ್ಯಾಟ್ರಿಮನಿಯಲ್ಲಿ ಪ್ರೊಫೈಲೇ ಹಾಕಲ್ಲ."

ನನಗೆ ಇದರಲ್ಲಿ ಒಂದು ಲೆಕ್ಕ ಕಾಣುತ್ತದೆ. 'ಕಾನೂರು' ಬಂದದ್ದು 1936ರಲ್ಲಿ, 'ಮದುಮಗಳು' 1967ರಲ್ಲಿ. ಹೂವಯ್ಯನನ್ನು ಬರೆದ ಕವಿಗೆ ಮೂವತ್ತರ ಆಸುಪಾಸು, ಐತ-ಪೀಂಚಲುವನ್ನು ಬರೆದಾಗ ಅರವತ್ತು ದಾಟಿತ್ತು. ನಮ್ಮ ಆಯ್ಕೆಯೂ ಅದೇ ದಾರಿಯಲ್ಲಿ ಬರುತ್ತದೆ. ಹದಿನೆಂಟಕ್ಕೆ ಹೂವಯ್ಯ, ಮೊಣಕಾಲು ನೋವು ಶುರುವಾದ ಮೇಲೆ ಐತ.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬಳಿಗೆ ಗಂಡು ಹುಡುಕುವುದು ಬಾಕಿ ಇದೆ. ಕಾನೂರಿನ ಸುಬ್ಬಮ್ಮ. ಅವಳ ಬಾಯಿ ಜೋರು, ಜಗಳಗಂಟಿ ಅಂತ ನಾವೆಲ್ಲ ಓದುವಾಗ ಬೈದವರೇ. ಆದರೆ ತವರು ನೆಲ್ಲುಹಳ್ಳಿಯವರು ಅವಳಿಗೆ ಗಂಡು ನೋಡಲಿಲ್ಲ, ಮನೆ ನೋಡಿದರು. ಕಾನೂರು ಅಂದರೆ ದೊಡ್ಡ ಮನೆ, ಹೆಗ್ಗಡಿತಿ ಅನ್ನಿಸಿಕೊಳ್ಳುವ ಭಾಗ್ಯ. ಗಂಡ ಚಂದ್ರಯ್ಯಗೌಡರಿಗೆ ಇವಳು ಮೂರನೆಯವಳು, ಮಲಮಕ್ಕಳು ಹೆಚ್ಚುಕಡಿಮೆ ಇವಳ ವಾರಿಗೆಯವರು. ಕೊನೆಗೆ ಅವಳಿಗಾದ ಗತಿಯನ್ನು ಎರಡನೆಯ ಸಲ ಓದಲು ನನಗೆ ಧೈರ್ಯವಿಲ್ಲ.

"ಅವಳಿಗೆ ಬೇಟೆಗಾರ ಪುಟ್ಟಣ್ಣ ಆಗಬಹುದಾ ಅತ್ತಿಗೆ?" ಅಂತ ಕೇಳಿದೆ.

ಅತ್ತಿಗೆ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಯೋಚಿಸಿದರು. "ಆಗಬಹುದು. ಬಾಡೂಟಕ್ಕೆ ಕೊರತೆ ಆಗಲ್ಲ. ಆದರೆ ಇರೋದು ಎಲ್ಲಿ?"

"ಹೂವಯ್ಯನ ಜೊತೆಗೇ, ಕೆಳಕಾನೂರಲ್ಲಿ."

"ಹಂಗಾದ್ರೆ ಮಾಡ್ಸು. ಆ ಮನೇಲಿ ಸೌದೆ ತರೋರು ಒಬ್ಬರಾದ್ರೂ ಬೇಕಲ್ಲ."