ಲುನಿಕ್ 9 ಖಾಲಿಯಾಗಬೇಕೇ?

ಕೊಶಿಟ್ಸೆ ಸ್ಲೊವಾಕಿಯಾದ ಎರಡನೇ ದೊಡ್ಡ ನಗರ. ಅದರ ಅಂಚಿನಲ್ಲಿರುವ ಲುನಿಕ್ 9 ಬಡಾವಣೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ರೋಮಾ ಜನ, ಅಂದರೆ ಹಿಂದೆ 'ಜಿಪ್ಸಿ' ಎಂದು ಕರೆಸಿಕೊಳ್ಳುತ್ತಿದ್ದವರು. ಅದನ್ನು ಖಾಲಿ ಮಾಡಿ, ಅವರಿಗೆ ಊರೊಳಗೆ ಅಲ್ಲಲ್ಲಿ ಮನೆ ಕೊಡಬೇಕೇ? ಇಬ್ಬರ ವಾದ ಇಲ್ಲಿದೆ.

ಪರ: ಊರೊಳಗೇ ಮನೆ ಕೊಡಿ

ಲುನಿಕ್ 9 ರೋಮಾ ಜನ ತಾವಾಗಿ ಕಟ್ಟಿಕೊಂಡ ಕೇರಿಯಲ್ಲ. ಕಮ್ಯುನಿಸ್ಟ್ ಕಾಲದಲ್ಲಿ ಎದ್ದ ಅಪಾರ್ಟ್‌ಮೆಂಟುಗಳು ಅವು. ಶುರುವಿನಲ್ಲಿ ಸೈನಿಕರ, ಪೊಲೀಸರ ಕುಟುಂಬಗಳೂ ಅಲ್ಲಿದ್ದವು. ಅವರೆಲ್ಲ ಮೆಲ್ಲಗೆ ಬಿಟ್ಟುಹೋದರು. 1995ರಲ್ಲಿ ನಗರಸಭೆಯೇ ತೀರ್ಮಾನ ಮಾಡಿ, ಬಾಡಿಗೆ ಬಾಕಿ ಉಳಿಸಿಕೊಂಡವರನ್ನು, 'ಹೊಂದಿಕೊಳ್ಳದವರು' ಎಂದು ಹಣೆಪಟ್ಟಿ ಹಚ್ಚಿದವರನ್ನು ಅಲ್ಲಿಗೆ ಕಳಿಸತೊಡಗಿತು. ಸುಮಾರು 2,500 ಜನರಿಗೆಂದು ಕಟ್ಟಿದ ಜಾಗದಲ್ಲಿ ಅದಕ್ಕಿಂತ ತುಂಬ ಜಾಸ್ತಿ ಜನ ತುಂಬಿಕೊಂಡರು. ಬಿಲ್ಲು ಬಾಕಿ ಎಂದು ಗ್ಯಾಸ್ ಕಡಿದರು, ಕರೆಂಟ್ ಕಡಿದರು. ನೀರು ದಿನಕ್ಕೆ ಕೆಲವೇ ಗಂಟೆ ಎನ್ನುವಂತಾಯಿತು. ಅಲ್ಲಿಗೆ ಕಳಿಸಿದ್ದು ನಗರ. ವಾಪಸ್ ಕರೆದುಕೊಳ್ಳಬೇಕಾದದ್ದೂ ನಗರವೇ.

2013ರಲ್ಲಿ ಕೊಶಿಟ್ಸೆ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು. ಅದೇ ವರ್ಷ, ಲುನಿಕ್ 9ರ ಜನ ನಡೆದು ಬರುವ ದಾರಿಗೆ ಅಡ್ಡವಾಗಿ ಪಕ್ಕದ ಬಡಾವಣೆಯಲ್ಲಿ ಗೋಡೆ ಎದ್ದಿತು. ಯುರೋಪಿಯನ್ ಒಕ್ಕೂಟದ ಆಡಳಿತ ನೋಡುವ ಯುರೋಪಿಯನ್ ಕಮಿಷನ್ ಆಕ್ಷೇಪ ಎತ್ತಬೇಕಾಯಿತು.

ನಾನು ಕೆಲಸದ ಮೇಲೆ ಆ ಊರಿನಲ್ಲಿ ಎರಡು ವರ್ಷ ಇದ್ದೆ. ಹೋದ ಮೊದಲ ವಾರ ಬಾಡಿಗೆ ಮನೆ ಹುಡುಕುತ್ತಿದ್ದೆ. ಸಹೋದ್ಯೋಗಿಯೊಬ್ಬರು ಸ್ಲೊವಾಕ್ ಭಾಷೆಯಲ್ಲಿ ಫೋನ್ ಮಾಡಿ ಎಲ್ಲ ಮಾತಾಡಿದ್ದರು. ಮನೆ ಖಾಲಿ ಇದೆ, ಬಂದು ನೋಡಿ ಅಂದಿದ್ದರಂತೆ. ಹೋದೆವು. ಬಾಗಿಲು ತೆಗೆದ ಹೆಂಗಸು ನನ್ನ ಮುಖ ನೋಡಿದರು. ಮನೆ ನಿನ್ನೆಯೇ ಹೋಯಿತು ಅಂದರು. ಮೆಟ್ಟಿಲು ಇಳಿಯುವಾಗ ಸಹೋದ್ಯೋಗಿ ತಲೆ ತಗ್ಗಿಸಿ, 'ನಿಮ್ಮನ್ನು ರೋಮಾ ಅಂದುಕೊಂಡರು' ಅಂದರು. ತಡೆಯಲಾರದೆ ಮತ್ತೆ ಮೇಲೆ ಹೋಗಿ, ಇವರು ಇಂಡಿಯಾದವರು, ಕಂಪ್ಯೂಟರ್ ಕೆಲಸ ಅಂತ ಹೇಳಿದರು. ಐದು ನಿಮಿಷದಲ್ಲಿ ಬೀಗದ ಕೈ ನನ್ನ ಅಂಗೈಯಲ್ಲಿತ್ತು! ಆ ಹೆಂಗಸು ಕೂಡಿಸಿ ಕಾಫಿ ಕೊಟ್ಟರು. ನಾನು ಕುಡಿದೆ. ಎರಡು ವರ್ಷ ಅದೇ ಮನೆಯಲ್ಲಿದ್ದೆ. ನಾನು ರೋಮಾ ಅಲ್ಲ ಎಂದು ಆ ಹೆಂಗಸಿಗೆ ಗೊತ್ತಾದಾಗ ನನ್ನ ಮನಸ್ಸು ಹಗುರಾಯಿತಲ್ಲ, ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ರೋಮಾ ಜನರ ಮಾತಿನಲ್ಲೂ, ಹಿಂದಿಯ ಹಾಗೆ, ನೀರಿಗೆ ಪಾನಿ, ಕಿವಿಗೆ ಕಾನ್. ಸಾವಿರ ವರ್ಷದ ಹಿಂದೆ ನಮ್ಮ ಕಡೆಯಿಂದಲೇ ಹೋದವರು. ನನಗೆ ಐದು ನಿಮಿಷದಲ್ಲಿ ಸಿಕ್ಕ ಮನೆ ಅವರ ಮಕ್ಕಳಿಗೆ ಜೀವಮಾನದಲ್ಲಿ ಸಿಗುವುದಿಲ್ಲ.

ಬೇರೆ ಜಾಗ ಎಂದರೆ ಬೇರೆ ಶಾಲೆಯೂ ಹೌದು. ಪಕ್ಕದ ಚೆಕ್ ದೇಶದ ಓಸ್ಟ್ರಾವಾದಲ್ಲಿ ರೋಮಾ ಮಕ್ಕಳನ್ನು ಬುದ್ಧಿ ಕಡಿಮೆ ಇರುವವರ ಶಾಲೆಗೆ ತಳ್ಳುತ್ತಿದ್ದರು. ಅದು ತಾರತಮ್ಯ ಎಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2007ರಲ್ಲಿ ತೀರ್ಪು ಕೊಟ್ಟಿತು.

'ಅವರಿಗೆ ಅವರವರೇ ಇರುವುದು ಇಷ್ಟ' ಎಂದು ಕೆಲವರು ಹೇಳುತ್ತಾರೆ. ರೋಮಾ ಜನ ತಮ್ಮ ಬಿಲ್ಡಿಂಗಿಗೆ ಬರದಿದ್ದರೆ ಸಾಕು ಎನ್ನುವವರ ಮಾತು ಅದು.

ವಿರೋಧ: ಮತ್ತೆ ಒಕ್ಕಲೆಬ್ಬಿಸಬೇಡಿ

ಈ ಕಡೆಯ ವಾದ ಬರೆಯಿರಿ ಎಂದು ನನ್ನನ್ನು ಕೇಳಿದರು. ಲುನಿಕ್ 9 ಈಗಿರುವ ಹಾಗೆಯೇ ಇರಲಿ ಎಂದು ನಾನೂ ಹೇಳಲಾರೆ. ಆದರೆ ಜನರನ್ನು 'ಹಂಚುವುದು' ಎನ್ನುವ ಮಾತು ಕೇಳಿದರೆ ಭಯವಾಗುತ್ತದೆ. ಹಂಚುವುದಕ್ಕೆ ಅವರೇನು ಅಕ್ಕಿಯೇ?

ಇದನ್ನು ಒಮ್ಮೆ ಮಾಡಿ ನೋಡಿದ್ದಾರೆ. 1965ರಲ್ಲಿ ಚೆಕೊಸ್ಲೊವಾಕಿಯಾ ಸರ್ಕಾರ ರೋಮಾ ಜನರನ್ನು ದೇಶದ ತುಂಬ ಚದುರಿಸುವ ಯೋಜನೆ ತಂದಿತು. ಒಂದು ಊರಲ್ಲಿ ಇಷ್ಟೇ ಮಂದಿ ಇರಬೇಕು ಎಂದು ಲೆಕ್ಕ ಹಾಕಿತು. ಕೆಲವೇ ವರ್ಷಗಳಲ್ಲಿ ಅದು ನೆಲಕಚ್ಚಿತು. ಅಕ್ಕಪಕ್ಕ ಫ್ಲ್ಯಾಟ್ ಕೊಟ್ಟರೆ ಮನಸ್ಸುಗಳೂ ಅಕ್ಕಪಕ್ಕ ಬರುತ್ತವೆ ಎಂದು ನಂಬಿದವರು ಆಗಲೂ ಇದ್ದರು.

ಒಮ್ಮೆ ಎಬ್ಬಿಸಿದರೆ ಜನ ಊರೊಳಗೇ ಬರುತ್ತಾರೆ ಎಂಬ ಖಾತ್ರಿಯಾದರೂ ಎಲ್ಲಿದೆ? ರೊಮೇನಿಯಾದ ಕ್ಲೂಜ್ ನಗರದ ಕೋಸ್ಟೇ ಬೀದಿಯಲ್ಲಿ ಸುಮಾರು 76 ರೋಮಾ ಕುಟುಂಬಗಳಿದ್ದವು. 2010ರ ಡಿಸೆಂಬರ್ ಚಳಿಯಲ್ಲಿ ಅವರನ್ನು ಎಬ್ಬಿಸಿದರು. ಅವರಲ್ಲಿ ಹೆಚ್ಚಿನವರು ಹೋಗಿ ಸೇರಿದ್ದು ಊರಾಚೆಯ ಪಾಟಾ ರತ್ ಕಸದ ರಾಶಿಯ ಬಳಿಗೆ.

ಉತ್ತರ ಮ್ಯಾಸಿಡೋನಿಯಾದ ರಾಜಧಾನಿ ಸ್ಕೋಪ್ಯೆ ನಗರದ ಶೂಟೊ ಒರಿಜಾರಿ ಬಡಾವಣೆಯದು ಬೇರೆ ಕಥೆ. 1963ರ ಭೂಕಂಪದ ನಂತರ ಮನೆ ಕಳೆದುಕೊಂಡ ರೋಮಾ ಜನ ಅಲ್ಲಿ ಸೇರಿದರು. 1996ರಲ್ಲಿ ಅದು ಸ್ವಂತ ಪುರಸಭೆಯಾಯಿತು. ಮೇಯರ್ ಅವರವರೇ. ಅವರ ಮಾತಾದ ರೋಮಾನಿ ಅಲ್ಲಿ ಆಡಳಿತ ಭಾಷೆ. ಬಡತನ ಅಲ್ಲೂ ಇದೆ. ಆದರೆ ಅಲ್ಲಿನ ಅಜ್ಜಿ ಕಚೇರಿಗೆ ಹೋಗಿ ತನ್ನ ಮಾತಿನಲ್ಲೇ ಅರ್ಜಿ ಕೇಳಬಹುದು.

ಲುನಿಕ್ 9ರಲ್ಲಿ ಹುಟ್ಟಿ ಬೆಳೆದವರಿಗೂ ಅದು ಊರು ಅಲ್ವಾ? ಹೋಗುತ್ತೇವೆ ಎನ್ನುವವರಿಗೆ ನಗರದೊಳಗೆ ಮನೆ ಕೊಡಲಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ಇರುತ್ತೇವೆ ಎನ್ನುವವರ ನಲ್ಲಿಯಲ್ಲಿ ಇಡೀ ದಿನ ನೀರು ಬರಲಿ.