ಡಯಲ್ ಟೋನ್ ಬರದ ಆ ಶುಕ್ರವಾರ

ಅಮೆರಿಕದ ಅಧ್ಯಕ್ಷ ಕೆನೆಡಿ ಹತ್ಯೆಯ ದಿನ ವಾಷಿಂಗ್ಟನ್‌ನಲ್ಲಿ ಫೋನ್‌ಗಳು ಕೈಕೊಟ್ಟಿದ್ದರ ಹಿಂದೆ ಪಿತೂರಿ ಇತ್ತೇ ಎಂದು ಲೇಖನವೊಂದು ಕೇಳುತ್ತದೆ. ನನಗಂತೂ ಹಾಗೆ ಅನ್ನಿಸುವುದಿಲ್ಲ. ಊರಿನವರೆಲ್ಲ ಒಟ್ಟಿಗೆ ರಿಸೀವರ್ ಎತ್ತುತ್ತಾರೆ ಎಂದುಕೊಂಡು ಯಾರೂ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟುವುದಿಲ್ಲ. ಒಂದು ಹೊತ್ತಿಗೆ ಸ್ವಲ್ಪ ಜನ ಮಾತ್ರ ಮಾತಾಡುತ್ತಾರೆ ಎಂಬ ಲೆಕ್ಕ ಅದು. 1963ರ ನವೆಂಬರ್ 22ರಂದು ಆ ಲೆಕ್ಕವೇ ತಪ್ಪಿತು. ಡಯಲ್ ಟೋನ್ (ರಿಸೀವರ್ ಎತ್ತಿದಾಗ ಕೇಳುವ ಸದ್ದು) ಬರಲಿಲ್ಲ ಅಂತ ಇಟ್ಟು ಮತ್ತೆ ಮತ್ತೆ ಎತ್ತಿದರೆ ಹೊರೆ ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ?

ಅಂದಹಾಗೆ, ಗುಂಡಿ ಒತ್ತುವ ಟಚ್‌ಟೋನ್ ಫೋನ್ ಪೆನ್ಸಿಲ್ವೇನಿಯಾದ ಎರಡು ಊರುಗಳಲ್ಲಿ ಶುರುವಾಗಿ ಆಗ ಬರೀ ನಾಲ್ಕು ದಿನ. ಉಳಿದವರು ಇನ್ನೂ ಚಕ್ರ ತಿರುಗಿಸುತ್ತಿದ್ದರು.

ಹತ್ಯೆ ನಡೆದ ಡಲ್ಲಾಸ್‌ನಲ್ಲಿ ಸುದ್ದಿ ಸಂಸ್ಥೆಯವರ ಕಾರಿನಲ್ಲಿ ಇದ್ದದ್ದು ಒಂದೇ ರೇಡಿಯೋ ಫೋನ್. ಮುಂದೆ ಕೂತಿದ್ದ ಯುಪಿಐನ ಮೆರಿಮನ್ ಸ್ಮಿತ್ (ಈಗಿನ ದುಡ್ಡು ಕಳಿಸುವ ಯುಪಿಐ ಅಲ್ಲ, ಸುದ್ದಿ ಸಂಸ್ಥೆ!) ಅದನ್ನು ಹಿಡಿದು ಸುದ್ದಿ ಕೊಟ್ಟರು. ಹಿಂದಿನ ಸೀಟಿನಲ್ಲಿದ್ದ ಇನ್ನೊಂದು ಸುದ್ದಿ ಸಂಸ್ಥೆ ಎಪಿಯ ಜ್ಯಾಕ್ ಬೆಲ್ ಫೋನ್ ಕೊಡಿ ಎಂದರು, ಕಿತ್ತುಕೊಳ್ಳಲು ನೋಡಿದರು, ಗುದ್ದಿದರು. ಸ್ಮಿತ್ ಬಿಡಲಿಲ್ಲ. ಮರುವರ್ಷ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂದದ್ದೂ ಸ್ಮಿತ್ ಅವರಿಗೇ.